ಲಿವರ್ ಗಾಡಿ, ಸ್ವಿಚ್ ಗಾಡಿ: ಎರಿ ಹೊಲದಲ್ಲಿ ಎರಡನ್ನೂ ಓಡಿಸಿ ನೋಡಿದಾಗ

ನಮ್ಮ ಮನೆಯಲ್ಲಿ ಫೋರ್ ವೀಲ್ ಡ್ರೈವ್ ಗಾಡಿ ಎರಡಿವೆ. ಎಂಜಿನ್ನಿನ ಎಳೆತವನ್ನು ಹಿಂದಿನ, ಮುಂದಿನ ಗಾಲಿಗೆ ಹಂಚುವ ಗೇರು ಪೆಟ್ಟಿಗೆಗೆ ಟ್ರಾನ್ಸ್‌ಫರ್ ಕೇಸ್ ಅಂತಾರೆ. ಹಳೇ ಜೀಪಿನಲ್ಲಿ ಅದಕ್ಕೆ ಸೀಟಿನ ಪಕ್ಕ ಸಣ್ಣ ಲಿವರ್. ಎಸ್‌ಯುವಿಯಲ್ಲಿ ತಿರುಗಿಸುವ ಸ್ವಿಚ್. ಬೈಲಹೊಂಗಲದ ಎರಿ ಹೊಲ, ಕಣಕುಂಬಿ ಕಡೆಯ ಮಳೆ, ಎರಡರಲ್ಲೂ ಎರಡನ್ನೂ ಓಡಿಸಿದ್ದೇನೆ. ನನ್ನ ಓಟು ಲಿವರಿಗೆ. ಅದು ಗಟ್ಟಿ ಅಂತಲ್ಲ.

ಒಳಗಿನ ಕೆಲಸ ಎರಡರಲ್ಲೂ ಒಂದೇ. ಟೂ ಹೈನಲ್ಲಿ ಎಳೆತ ಹಿಂದಿನ ಗಾಲಿಗಷ್ಟೇ. ಫೋರ್ ಹೈಗೆ ಹಾಕಿದರೆ ಮುಂದಿನ ಶಾಫ್ಟೂ ಸೇರಿಕೊಳ್ಳುತ್ತದೆ. ಫೋರ್ ಲೋದಲ್ಲಿ ಬೇರೆ ಗೇರು ನಡುವೆ ಬಂದು, ವೇಗ ಇಳಿದು ಎಳೆತ ಜಾಸ್ತಿಯಾಗುತ್ತದೆ. ಗೇರು ಸೇರಿಸುವ ಫೋರ್ಕನ್ನು ಒಂದರಲ್ಲಿ ನಮ್ಮ ಕೈ ತಳ್ಳುತ್ತದೆ, ಇನ್ನೊಂದರಲ್ಲಿ ಸಣ್ಣ ಮೋಟರ್. ವ್ಯತ್ಯಾಸ ಅಷ್ಟೇ.

ಆರಾಮ ಬೇಕೆಂದರೆ ಸ್ವಿಚ್ಚೇ ಸರಿ. ನೇರವಾಗಿ ಹೋಗುತ್ತಿರುವಾಗಲೇ ಫೋರ್ ಹೈಗೆ ಹಾಕಬಹುದು. ಜೀಪಿನಲ್ಲಿ ಮುಂದಿನ ಗಾಲಿಯ ಹಬ್ ಲಾಕ್ ಮಾಡಲು, ಅಂದರೆ ಗಾಲಿಯನ್ನು ಅದರ ಶಾಫ್ಟಿಗೆ ಜೋಡಿಸಲು, ಕೆಳಗೇ ಇಳಿಯಬೇಕು. "ನಿನ್ನ ಲಿವರ್ ನೀನ ಇಟ್ಕೋ, ರಾಡ್ಯಾಗ ನಾ ಇಳ್ಯಾಂಗಿಲ್ಲ" ಅಂತಾರೆ ನಮ್ಮ ಕಾಕಾ. ಅವರ ಮೊಣಕಾಲು ನೋಡಿದರೆ ಅದೂ ನ್ಯಾಯವೇ.

ಆದರೆ ಕಬ್ಬಿನ ಟ್ರ್ಯಾಕ್ಟರ್ ಓಡಾಡಿದ ಎರಿ ಹಾದಿಯಲ್ಲಿ ಮಳೆ ಬಿದ್ದಾಗ ನೋಡಬೇಕು. ಗೇರು ಕೂತಿತೋ ಇಲ್ಲವೋ ಲಿವರ್ ಹಿಡಿದ ಅಂಗೈಗೇ ಗೊತ್ತಾಗುತ್ತದೆ. ಕೂರದಿದ್ದರೆ ಗಾಡಿಯನ್ನು ಸ್ವಲ್ಪ ಮುಂದೆ ಹಿಂದೆ ಮಾಡಿದರೆ ಸಾಕು, ಹಲ್ಲಿಗೆ ಹಲ್ಲು ಸೇರುತ್ತದೆ. ಸ್ವಿಚ್ ಗಾಡಿಯಲ್ಲಿ ಲೈಟ್ ಮಿಣುಕುತ್ತಿರುತ್ತದೆ, ನಾವು ಸುಮ್ನೆ ಕಾಯುತ್ತಿರುತ್ತೇವೆ. ಒಂದು ಮಳೆಗಾಲದಲ್ಲಿ ಆ ಮಿಣುಕು ನಿಲ್ಲಲೇ ಇಲ್ಲ. ಕೊನೆಗೆ ನೋಡಿದರೆ ಮೋಟರಿನ ಕನೆಕ್ಟರಿನಲ್ಲಿ ರಾಡಿ ನೀರು, ಪಿನ್ನಿಗೆ ಹಸಿರು ಕಿಲುಬು. ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಮಣ್ಣಿನ ದಾರಿಯಲ್ಲಿ ಫೋರ್ ವೀಲ್ ಹಾಕಿ ಓಡಿಸದಿದ್ದರೆ ಮೋಟರೂ ಜಾಮ್ ಆಗಬಹುದು.

ಒಣ ಟಾರ್ ರಸ್ತೆಯಲ್ಲಿ ಮಾತ್ರ ಎರಡನ್ನೂ ಫೋರ್ ವೀಲಿಗೆ ಹಾಕಬಾರದು. ಮುಂದಿನ, ಹಿಂದಿನ ಶಾಫ್ಟು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಇವೆರಡರಲ್ಲೂ ನಡುವೆ ಇಲ್ಲ. ತಿರುವಿನಲ್ಲಿ ಮುಂದಿನ ಗಾಲಿ ಹೆಚ್ಚು ದೂರ ಹೋಗಬೇಕು, ಶಾಫ್ಟ್ ಬಿಡುವುದಿಲ್ಲ. ಹಾಗೆ ಬಿಗಿದುಕೊಂಡರೆ ನೇರವಾಗಿ ನಾಲ್ಕಾರು ಅಡಿ ರಿವರ್ಸ್ ತೆಗೆದುಕೊಳ್ಳಿ, ಸಡಿಲಾಗುತ್ತದೆ.

ಆಯಿಲ್ ವಿಷಯದಲ್ಲಿ ಹುಷಾರು. ನಮ್ಮ ಜೀಪಿನದು ಪೂರ್ತಿ ಗೇರು, ಅದಕ್ಕೆ 80ಡಬ್ಲ್ಯೂ-90 ಗೇರ್ ಆಯಿಲ್. ಎಸ್‌ಯುವಿಯಲ್ಲಿ ಒಳಗೆ ಚೈನು, ಅದು ಕುಡಿಯುವುದು ತೆಳ್ಳನೆಯ ಎಟಿಎಫ್, ಅಂದರೆ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ. ನಿಮ್ಮ ಗಾಡಿಯದ್ದನ್ನು ಪುಸ್ತಕ ನೋಡಿಯೇ ಹಾಕಿಸಿ. ಬದಲಿಸುವಾಗ ಮೊದಲು ಮೇಲಿನ ಫಿಲ್ಲರ್ ಬೋಲ್ಟ್ ಬಿಚ್ಚಿಸಿ. ಕೆಳಗಿನದನ್ನು ಬಿಚ್ಚಿ ಖಾಲಿ ಮಾಡಿದ ಮೇಲೆ ಮೇಲಿನದು ಬರದಿದ್ದರೆ ಗಾಡಿ ಅಲ್ಲೇ ನಿಲ್ಲುತ್ತದೆ, ಅಲ್ವಾ? ಡ್ರೇನ್ ಬೋಲ್ಟಿನ ಮ್ಯಾಗ್ನೆಟ್ಟಿಗೆ ಬೂದು ಬಣ್ಣದ ಪೇಸ್ಟ್ ಅಂಟಿದ್ದರೆ ಚಿಂತೆಯಿಲ್ಲ, ಲೋಹದ ಚೂರು ಸಿಕ್ಕರೆ ಕೇಸು ಬಿಚ್ಚಲೇಬೇಕು.

ಹಳ್ಳ ದಾಟಿ ಬಂದ ಜೀಪಿನ ಆಯಿಲನ್ನು ಬೆರಳಿಗೆ ಹಚ್ಚಿ ನಮ್ಮ ಮಿಸ್ತ್ರಿ ತೋರಿಸಿದ್ದರು: "ಎಣ್ಣಿ ಹಾಲಾಗೈತಿ ನೋಡ್ರಿ ಸರ್". ಬಿಸಿ ಕೇಸು ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ಬ್ರೀದರಿನಿಂದ, ಅಂದರೆ ಕೇಸಿನ ಗಾಳಿ ಕಿಂಡಿಯಿಂದ, ನೀರು ಎಳೆದುಕೊಳ್ಳುತ್ತದೆ, ಎಣ್ಣೆ ಹಾಲಿನಂತಾಗುತ್ತದೆ. ಬ್ರೀದರಿಗೆ ಪೈಪು ಜೋಡಿಸಿ ಬಾನೆಟ್ ಒಳಗೆ ಎತ್ತರಕ್ಕೆ ಕಟ್ಟಿಸಿದೆವು. ಇದು ಎರಡೂ ಗಾಡಿಗೆ ಬೇಕು.

ಸೆಕೆಂಡ್ ಹ್ಯಾಂಡ್ ಲಿವರ್ ಗಾಡಿ ಕೊಳ್ಳುವವರು ಫೋರ್ ಲೋ ಹಾಕಿ ಸಣ್ಣ ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ನೋಡಿ. ಕಾಲು ಬ್ರೇಕ್ ಹತ್ತಿರವೇ ಇರಲಿ. ಲಿವರ್ ತಾನೇ ನ್ಯೂಟ್ರಲ್ಲಿಗೆ ಹಾರಿದರೆ ಒಳಗೆ ಏನೋ ಸವೆದಿದೆ, ಆ ಖರ್ಚು ಹಿಡಿದೇ ರೇಟು ಮಾತಾಡಿ.