ಬಾಗಲಕೋಟೆ ಕಾಲೇಜು ಹುಡುಗರು ನಡೆಸುವ ಮಾನಸಿಕ ಆರೋಗ್ಯ ಮಾಹಿತಿ ಮೇಜು: ನನ್ನ ಅಭಿಪ್ರಾಯ

ಧೈರ್ಯ ಹೇಳುವವರು ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರೆ. "ಹುಡುಗ ಗಟ್ಟಿ ಆಗ್ಬೇಕ್ರಿ", "ಎಲ್ಲಮ್ಮನ ಗುಡ್ಡಕ್ಕ ಹೋಗಿ ಬರ್ರಿ", "ಮದುವಿ ಮಾಡ್ರಿ, ಸರಿ ಹೋಗ್ತಾನ". ಆದರೆ ನಿನಗೆ ಕಾನೂನಿನ ಪ್ರಕಾರ ಏನು ಸಿಗಬೇಕು ಅಂತ ಕೂರಿಸಿ ಹೇಳಿದವರು ಈ ಮೇಜಿನ ಹುಡುಗರು ಮಾತ್ರ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ನವನಗರದಲ್ಲಿ ಬ್ಲೌಸ್ ಹೊಲಿಯುತ್ತೇನೆ, ಗುಳೇದಗುಡ್ಡ ಖಣದ ಕೆಲಸ ಜಾಸ್ತಿ. ತಮ್ಮ ಇಲ್ಲೇ ಒಂದು ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತಾನೆ. ಖಿನ್ನತೆಗೆ ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಆಸ್ಪತ್ರೆಯಲ್ಲಿ ಚಿಕಿತ್ಸೆ ನಡೆದಿದೆ. "ಬರಿ ಅಕ್ಕಾ, ಯಾರಿಗಾದ್ರೂ ಉಪಯೋಗ ಆಗ್ಲಿ" ಅಂತ ಅವನೇ ಹೇಳಿದ್ದಾನೆ. ಚಿಕಿತ್ಸೆಯ ಓಡಾಟದಲ್ಲಿ ಹಾಜರಾತಿ ಕಡಿಮೆ ಬಿತ್ತು, ಇಂಟರ್ನಲ್ ಪರೀಕ್ಷೆಯೂ ತಪ್ಪಿತು. ಆಫೀಸಿನಲ್ಲಿ ಕೇಳಿದರೆ, "ಜ್ವರ, ಆಪರೇಷನ್ ಆಗಿದ್ರ ನೋಡಬಹುದಿತ್ತು" ಅಂದರು.

ಅದೇ ಕಾಲೇಜಿನ ಸಮಾಜಕಾರ್ಯ ವಿಭಾಗದ ವಿದ್ಯಾರ್ಥಿಗಳು ಶನಿವಾರ ಮಧ್ಯಾಹ್ನ ಕ್ಯಾಂಟೀನ್ ಪಕ್ಕದ ಕಟ್ಟೆಯ ಹತ್ತಿರ ಒಂದು ಮೇಜು ಹಾಕಿಕೊಂಡು ಕೂರುತ್ತಾರೆ. ಫೀಸು ಇಲ್ಲ, ರಿಜಿಸ್ಟರಿನಲ್ಲಿ ಹೆಸರು ಬರೆಸುವುದೂ ಇಲ್ಲ. ನಾವು ಹೋದಾಗ ಒಬ್ಬ ಹುಡುಗಿ ಮೊದಲು ಹೇಳಿದ ಮಾತು ಇದು: "ಏನಾಗೈತಿ ಅಂತ ಹೇಳಬೇಕಂತ ಇಲ್ರಿ ಅಕ್ಕಾರ. ಏನು ಬೇಕಾಗೈತಿ, ಅಷ್ಟ ಹೇಳ್ರಿ." ಕೇಳಿದ್ದು ತಮ್ಮನನ್ನು, ಉತ್ತರ ಕೊಡಲು ಹೊರಟಿದ್ದು ನಾನು. ಅವಳು ನನ್ನ ಮಾತು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಮತ್ತೆ ಅವನ ಕಡೆಗೇ ತಿರುಗಿ, "ನಿಮಗ ಏನು ಬೇಕ್ರಿ?" ಅಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು ಅವನೇ ಹೇಳಿದ.

ಹಾಜರಾತಿ, ಇಂಟರ್ನಲ್ ವಿಷಯಕ್ಕೆ ಕಾಲೇಜಿಗೆ ಕೊಡುವ ಅರ್ಜಿಯನ್ನು ಕನ್ನಡದಲ್ಲೇ ಬರೆದರು. ಮನಸ್ಸಿನ ಕಾಯಿಲೆಯನ್ನು ಮೈಯ ಕಾಯಿಲೆಯಂತೆಯೇ ನೋಡಬೇಕು ಅಂತ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿದೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿರುವ 21 ಬಗೆಗಳಲ್ಲಿ ಮಾನಸಿಕ ಅಸ್ವಸ್ಥತೆಯೂ ಒಂದು. ಎರಡನ್ನೂ ಅರ್ಜಿಯಲ್ಲಿ ಸೇರಿಸಿದರು. ಬೇಡಿಕೊಳ್ಳುವ ಧಾಟಿಯ ಒಂದು ವಾಕ್ಯವೂ ಇರಲಿಲ್ಲ. ಕಾಲೇಜಿನವರು ಇಂಟರ್ನಲ್ ಮತ್ತೆ ಬರೆಸಿದರು. ಹಾಜರಾತಿಯ ವಿಷಯ ಇನ್ನೂ ಬಗೆಹರಿದಿಲ್ಲ.

ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡದ್ದು ಒಂದು ಬಿಳಿ ಹಾಳೆ. ಅದೇ 2017ರ ಕಾಯ್ದೆಯ 14ನೇ ಕಲಂ ಪ್ರಕಾರ, 18 ತುಂಬಿದ ಯಾರು ಬೇಕಾದರೂ ತಮ್ಮ ಚಿಕಿತ್ಸೆಯ ವಿಷಯದಲ್ಲಿ ಜೊತೆಗೆ ನಿಲ್ಲಲು ಒಬ್ಬರನ್ನು ತಾವೇ ನೇಮಿಸಿಕೊಳ್ಳಬಹುದು. ಬಾಂಡ್ ಪೇಪರ್ ಬೇಡ, ನೋಟರಿ ಬೇಡ. ಬಿಳಿ ಹಾಳೆಯಲ್ಲಿ ಬರೆದು ಸಹಿ ಮಾಡಿದರೆ, ಇಲ್ಲ ಹೆಬ್ಬೆಟ್ಟು ಒತ್ತಿದರೆ ಸಾಕು. ಬೇಡವೆನಿಸಿದರೆ ಬದಲಾಯಿಸಲೂಬಹುದು. ಮನೆಯ ಹಿರಿಯರೇ ಆಗಬೇಕು ಅಂತಿಲ್ಲ. ತಮ್ಮ ಅಲ್ಲೇ ನೋಟ್‌ಬುಕ್ಕಿನಿಂದ ಹಾಳೆ ಹರಿದು ನನ್ನ ಹೆಸರು ಬರೆದ. ನನ್ನ ಒಪ್ಪಿಗೆಯನ್ನು ಡಾಕ್ಟರಿಗೆ ಬರೆದು ಕೊಡಬೇಕು ಅಂದರು, ಅದನ್ನೂ ಕೊಟ್ಟೆ. ಇಷ್ಟು ದಿನ ಅವನ ವಿಷಯವನ್ನು ಅಪ್ಪ, ಕಾಕಾ ಎಲ್ಲ ಕೂಡಿ ತೀರ್ಮಾನಿಸುತ್ತಿದ್ದರು. ಯಾರು ಜೊತೆಗಿರಬೇಕು ಅಂತ ಅವನನ್ನು ಒಬ್ಬರೂ ಕೇಳಿರಲಿಲ್ಲ.

ತಾವು ಡಾಕ್ಟರಲ್ಲ, ಕೌನ್ಸೆಲಿಂಗ್ ಮಾಡುವುದಿಲ್ಲ ಅಂತ ಈ ಹುಡುಗರು ಮೊದಲೇ ಸ್ಪಷ್ಟವಾಗಿ ಹೇಳುತ್ತಾರೆ. ಅದಕ್ಕೆ ಟೆಲಿ ಮಾನಸ್ ನಂಬರ್ 14416 ಕೊಡುತ್ತಾರೆ. 2022ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ ಅದು. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಆ ನಂಬರನ್ನು ದೊಡ್ಡಕ್ಷರದಲ್ಲಿ ಬರೆದು ಹಾಸ್ಟೆಲ್ ಗೋಡೆಗಳಿಗೂ ಅಂಟಿಸಿದ್ದಾರೆ. ಹಾಗೆ ಹಾಕಲೇಬೇಕು ಅಂತ 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 100 ಮತ್ತು ಅದಕ್ಕಿಂತ ಜಾಸ್ತಿ ವಿದ್ಯಾರ್ಥಿಗಳಿರುವ ಕಡೆ ತರಬೇತಿ ಪಡೆದ ಕೌನ್ಸೆಲರ್ ಒಬ್ಬರಾದರೂ ಇರಬೇಕು ಅಂತಲೂ ಅದರಲ್ಲಿದೆ. ಈ ಕಾಲೇಜಿನಲ್ಲಿ ಇನ್ನೂ ಇಲ್ಲ. ವಿದ್ಯಾರ್ಥಿಗಳು ಸಹಿ ಸಂಗ್ರಹಿಸಿ ಮನವಿ ಕೊಟ್ಟಿದ್ದಾರೆ. ತಮ್ಮನೂ ಸಹಿ ಹಾಕಿದ್ದಾನೆ.

ಕೊರತೆಗಳಿವೆ. ಮೇಜು ಇಟ್ಟಿರುವ ಜಾಗ ಸರಿಯಿಲ್ಲ. ಚಹಾಕ್ಕೆ ನಿಂತವರೆಲ್ಲ ಅಲ್ಲಿ ಯಾರು ಕೂತಿದ್ದಾರೆ ಅಂತ ನೋಡುತ್ತಾರೆ. ಬಾಗಲಕೋಟೆಯಂಥ ಊರಿನಲ್ಲಿ ಸುದ್ದಿ ಸಂಜೆಯೊಳಗೆ ಮನೆ ಮುಟ್ಟುತ್ತದೆ, ಅಲ್ವಾ? ಗ್ರಂಥಾಲಯದ ಹಿಂದೆ ಒಂದು ಕೋಣೆ ಕೇಳಿದ್ದಾರಂತೆ. ದಯವಿಟ್ಟು ಕೊಡಿ. ಇನ್ನೊಂದು, ಹಂಚುವ ಪುಸ್ತಿಕೆ ಇಂಗ್ಲಿಷಿನಲ್ಲಿದೆ. ಹಳ್ಳಿಯಿಂದ ಬರುವ ಅಪ್ಪ ಅವ್ವ ಅದನ್ನು ಹೇಗೆ ಓದಬೇಕು? ಬಾಯಲ್ಲಿ ಅಷ್ಟು ಚೆಂದ ಹೇಳುವವರು ಅದನ್ನೇ ಬರೆದರೆ ಆಯಿತು. ಪರೀಕ್ಷೆ ಹತ್ತಿರ ಬಂದಾಗ ಮೇಜು ಇರುವುದಿಲ್ಲ. ನೋಡಿದರೆ ಆಗಲೇ ಜಾಸ್ತಿ ಬೇಕಾಗುವುದು.

ಆದರೂ ಹೋಗಿ ಅಂತಲೇ ಹೇಳುತ್ತೇನೆ. ಮಕ್ಕಳನ್ನು ಮನೆಯಲ್ಲಿ ಬಿಟ್ಟು ಹೋಗಬೇಡಿ, ಅವರನ್ನೂ ಕರೆದುಕೊಂಡು ಹೋಗಿ. ಆಸ್ಪತ್ರೆಯ ಚೀಟಿ ಝೆರಾಕ್ಸ್ ಮಾಡಿಸಿಕೊಳ್ಳಿ. ಮೂಲ ಚೀಟಿಯನ್ನು ಯಾವ ಆಫೀಸಿಗೂ ಕೊಟ್ಟು ಬರಬೇಡಿ. ಅರ್ಜಿ ಕೊಟ್ಟ ಮೇಲೆ ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಂಡೇ ಹೊರಗೆ ಬನ್ನಿ.