31 ಇಂಚಿನ ಟೈರಿಗೆ 4.88 ಕ್ರೌನ್ ಪಿನಿಯನ್: ಒಂದು ಮಳೆಗಾಲ ಓಡಿಸಿ ನೋಡಿದ್ದು

ನಮ್ಮ ಮನೆ ಹೊಸನಗರ ತಾಲೂಕಿನಲ್ಲಿ, ನಗರ ಅನ್ನುವ ಊರಿನಿಂದ ಇನ್ನೂ ಒಳಗೆ. ಡಾಂಬರು ಬಿಟ್ಟ ಮೇಲೆ ಎರಡು ಕಿಲೋಮೀಟರ್ ಮಣ್ಣುದಾರಿ. ಮೊದಲು ಒಂದು ಹಳ್ಳ, ಅದನ್ನು ದಾಟಿದ ಕೂಡಲೇ ಕಡಿದಾದ ಏರು. ತೋಟಕ್ಕೆ ಗೊಬ್ಬರ, ಸೊಪ್ಪಿನಬೆಟ್ಟದ ದರಗು, ಕೊಳೆರೋಗಕ್ಕೆ ಮದ್ದು ಹೊಡೆಯುವ ಹೊತ್ತಿಗೆ ಮೈಲುತುತ್ತ, ಸುಣ್ಣದ ಚೀಲ, ಕೊಯ್ಲು ಶುರುವಾದರೆ ಅಡಿಕೆ. ಎಲ್ಲವೂ ಒಂದೇ ಜೀಪಿನಲ್ಲಿ. ಅಪ್ಪಯ್ಯ ಸೆಕೆಂಡ್ ಹ್ಯಾಂಡ್ ತಂದಿದ್ದ ಮಹೀಂದ್ರ, ಪ್ಯೂಜೋ ಡೀಸೆಲ್ ಇಂಜಿನ್, ನಾಲ್ಕು ಗೇರು. ಅವರು ಹೋದ ಮೇಲೆ ಒಂಬತ್ತು ವರ್ಷದಿಂದ ನಾನೇ ಓಡಿಸುತ್ತಿದ್ದೇನೆ.

ಹಳೇ ಟೈರು 215/75 ಆರ್15. ಅದು ಸವೆದಾಗ 31 ಬೈ 10.5 ಆರ್15 ಹಾಕಿಸಿದೆ. ಚಂದಕ್ಕೆ ಅಲ್ಲ. ಟ್ರ್ಯಾಕ್ಟರ್ ಓಡಾಡಿ ದಾರಿಯಲ್ಲಿ ಜಾಡು ಆಳವಾಗಿತ್ತು, ನಡುವಿನ ದಿಬ್ಬಕ್ಕೆ ಹಿಂದಿನ ಆಕ್ಸಲ್ಲಿನ ಹೌಸಿಂಗ್, ಅಂದರೆ ಗೇರು ಕೂತಿರುವ ಗೂಡು, ಉಜ್ಜುತ್ತಿತ್ತು. ಟೈರು ಮೂರು ಇಂಚಿಗೂ ಜಾಸ್ತಿ ದೊಡ್ಡದಾದರೂ ಹೌಸಿಂಗ್ ಏಳುವುದು ಅದರ ಅರ್ಧದಷ್ಟೇ. ನನಗೆ ಸಿಕ್ಕಿದ್ದು ಒಂದೂವರೆ ಇಂಚಿನ ಮೇಲೆ ಚೂರು. ಅಷ್ಟಕ್ಕೇ ಉಜ್ಜುವುದು ನಿಂತಿತು.

ಆದರೆ ಎಳೆತ ಹೋಯಿತು. ಮೊದಲು ಎರಡನೇ ಗೇರಿನಲ್ಲಿ ಹತ್ತುತ್ತಿದ್ದ ಜಾಗಕ್ಕೆ ಒಂದನೇ ಗೇರು ಬೇಕಾಯಿತು. ಹತ್ತು ಚೀಲ ಗೊಬ್ಬರ ಹೇರಿದ ದಿನ ಏರಿನ ನಡುವೆ ನಿಲ್ಲಿಸಿ ಮತ್ತೆ ಹೊರಡಬೇಕಾದರೆ ಅರ್ಧ ಕ್ಲಚ್ಚಿನಲ್ಲೇ ಎಳೆಯಬೇಕಿತ್ತು. ಸುಟ್ಟ ವಾಸನೆ ಮನೆ ಅಂಗಳದವರೆಗೂ ಬರುತ್ತಿತ್ತು.

ಲೆಕ್ಕ ಕಷ್ಟದ್ದಲ್ಲ. ಹಳೇ ಟೈರಿನ ಎತ್ತರ 27.7 ಇಂಚು, ಹೊಸದು 31. ಭಾಗಿಸಿದರೆ 1.12. ಒಂದು ಸುತ್ತಿಗೆ ಚಕ್ರ ಈಗ ಜಾಸ್ತಿ ದೂರ ಹೋಗುತ್ತದೆ, ಆ ದೂರಕ್ಕೆ ಇಂಜಿನ್ನೇ ಬಲ ಕೊಡಬೇಕು. ಎಲ್ಲಾ ಗೇರಿನಲ್ಲೂ ನೂರಕ್ಕೆ ಹತ್ತು ಪಾಲಿಗಿಂತ ಜಾಸ್ತಿ ಎಳೆತ ಕಡಿಮೆಯಾಯಿತು. ಆಕ್ಸಲ್ಲಿನ ಒಳಗೆ ಪಿನಿಯನ್ ಅನ್ನುವ ಸಣ್ಣ ಗೇರು ಕ್ರೌನ್ ಅನ್ನುವ ದೊಡ್ಡ ಗೇರನ್ನು ತಿರುಗಿಸುತ್ತದೆ, ಚಕ್ರ ತಿರುಗುವುದು ಅದರಿಂದ. ಕ್ರೌನಿನ ಹಲ್ಲನ್ನು ಪಿನಿಯನ್ನಿನ ಹಲ್ಲಿನಿಂದ ಭಾಗಿಸಿದರೆ ಬರುವುದೇ ರೇಶಿಯೋ. ಹೋದದ್ದನ್ನು ವಾಪಸ್ ತರಬೇಕಾದರೆ ಆ ರೇಶಿಯೋವನ್ನು ಅದೇ 1.12ರಿಂದ ಗುಣಿಸಬೇಕು.

ಹಾಗಾದರೆ ಈಗಿರುವ ರೇಶಿಯೋ ಎಷ್ಟು? ಇಲ್ಲಿ ದಯವಿಟ್ಟು ಪುಸ್ತಕ ನಂಬಬೇಡಿ. ನಾಲ್ಕು ಕೈ ದಾಟಿ ಬಂದ ಜೀಪಿನಲ್ಲಿ ಯಾವ ಗಾಡಿಯ ಆಕ್ಸಲ್ ಕೂತಿದೆಯೋ, ನೋಡಿದವರು ಯಾರು? ನಾವು ಅಂಗಳದಲ್ಲೇ ಎಣಿಸಿದೆವು. ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಗೇರ್ ನ್ಯೂಟ್ರಲ್ಲಿಗೆ ಹಾಕಿ, ಹಿಂದಿನ ಒಂದು ಚಕ್ರವನ್ನು ಮಾತ್ರ ಜಾಕ್ ಕೊಟ್ಟು ಎತ್ತಿದೆ. ಮಗಳು ಗೇರ್ ಬಾಕ್ಸ್ ಕಡೆಯಿಂದ ಪಿನಿಯನ್ನಿಗೆ ಬರುವ ಪ್ರೊಪೆಲ್ಲರ್ ಶಾಫ್ಟಿಗೆ ಚಾಕ್ ಗೆರೆ ಎಳೆದು ಪಕ್ಕದಲ್ಲಿ ಕೂತಳು. ಇನ್ನೊಂದು ಚಕ್ರ ನೆಲದ ಮೇಲೇ ಇರುವುದರಿಂದ ಎತ್ತಿದ ಚಕ್ರವನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿದರೆ ಒಳಗಿನ ಕ್ರೌನ್ ಒಂದು ಸುತ್ತು ಬರುತ್ತದೆ. ಅಷ್ಟರಲ್ಲಿ ಶಾಫ್ಟ್ ನಾಲ್ಕು ಸುತ್ತು ಮುಗಿಸಿ, ಮೇಲೆ ಕಾಲು ಸುತ್ತಿಗಿಂತ ಚೂರು ಮುಂದೆ ಹೋಗಿ ನಿಂತಿತು. ಅಂದರೆ 4.27. ಆಮೇಲೆ ಗ್ಯಾರೇಜಿನಲ್ಲಿ ಬಿಚ್ಚಿದಾಗ ಕ್ರೌನಿಗೆ 47 ಹಲ್ಲು, ಪಿನಿಯನ್ನಿಗೆ 11. ಸರಿಯಾಗಿತ್ತು.

4.27ನ್ನು 1.12ರಿಂದ ಗುಣಿಸಿದರೆ 4.78. ಆ ಸಂಖ್ಯೆಯ ಸೆಟ್ಟು ಸಿಗುವುದಿಲ್ಲ. ಹತ್ತಿರದ್ದು 4.88, ಅಂದರೆ 39ಕ್ಕೆ 8 ಹಲ್ಲು. ಅದರ ಮೇಲಿನದು 5.38, 43ಕ್ಕೆ 8. ಯುದ್ಧಕಾಲದ ವಿಲ್ಲೀಸ್ ಜೀಪಿನಲ್ಲಿ ಇದ್ದದ್ದೂ ಇದೇ 4.88. ಯುದ್ಧ ಮುಗಿದು 1945ರಲ್ಲಿ ಹೊಲಮನೆ ಕೆಲಸಕ್ಕೆ ಅಂತ ಸಿಜೆ-2ಎ ಅನ್ನುವ ಜೀಪು ತಂದಾಗ 5.38 ಹಾಕಿದರು.

ನನಗೂ 5.38ರ ಮೇಲೆ ಮನಸ್ಸಿತ್ತು. ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ನನ್ನ ಕೆಲಸ ಮಾಡಿಕೊಟ್ಟ ಮೇಸ್ತ್ರಿ ತಡೆದರು. ಹೆಸರು ಹಾಕುವುದು ಬೇಡ ಅಂದಿದ್ದಾರೆ, ಹಾಗಾಗಿ ಹಾಕುತ್ತಿಲ್ಲ. "ಅಕ್ಕಾ, 5.38 ಹಾಕಿದ್ರೆ ಗುಡ್ಡದಲ್ಲಿ ಆರಾಮು. ಆದ್ರೆ ತಿಂಗಳಿಗೆ ಎರಡು ಸಲ ಮಾಮ್ಕೋಸಿಗೆ ಬರೋರು ನೀವು. ರಿಪ್ಪನ್‌ಪೇಟೆ ದಾಟಿದ ಮೇಲೆ ಇಂಜಿನ್ ಕೂಗ್ತಾನೇ ಇರುತ್ತೆ" ಅಂದರು. ಮಾಮ್ಕೋಸ್ ಅಂದರೆ ಶಿವಮೊಗ್ಗದಲ್ಲಿ ನಾವು ಅಡಿಕೆ ಹಾಕುವ ಸೊಸೈಟಿ. ಮನೆಗೆ ಬಂದು ಲೆಕ್ಕ ಹಾಕಿದೆ. ಟಾಪ್ ಗೇರಿನಲ್ಲಿ 60ಕ್ಕೆ ಹೋಗುವಾಗ ಹಳೇ ಟೈರು, 4.27 ಇದ್ದಾಗ ಇಂಜಿನ್ ನಿಮಿಷಕ್ಕೆ ಸುಮಾರು 1930 ಸುತ್ತು. 31 ಇಂಚು, 4.88 ಆದರೆ 1970. ಹೆಚ್ಚುಕಮ್ಮಿ ಅದೇ. 5.38 ಆದರೆ 2170. ಇನ್ನೊಂದು ವಿಷಯವನ್ನೂ ಅವರೇ ತೋರಿಸಿದರು. ಕ್ರೌನಿನ ಅಗಲ ಅಷ್ಟೇ ಇರುವಾಗ ರೇಶಿಯೋ ಏರಿದಷ್ಟೂ ಪಿನಿಯನ್ನಿನ ತಲೆ ಸಣ್ಣದಾಗುತ್ತದೆ. ಟೈರು ದೊಡ್ಡದು ಮಾಡಿ, ಅದನ್ನು ತಿರುಗಿಸುವ ಹಲ್ಲನ್ನು ಬೇಕಾದ್ದಕ್ಕಿಂತ ಸಣ್ಣದು ಮಾಡುವುದು ಸರಿಯಲ್ಲ. 4.88ಕ್ಕೇ ನಿಂತೆ.

ಈ ಮೇಸ್ತ್ರಿ ಸಿಗುವ ಮೊದಲು ಬೇರೆ ಊರಿನ ಒಂದು ಅಂಗಡಿಯಲ್ಲಿ ನನಗೆ ಆದದ್ದನ್ನು ಹೇಳಲೇಬೇಕು. "ಮುಂದಿನ ಆಕ್ಸಲ್ ಯಾವಾಗಲೋ ಒಮ್ಮೆ ಬಳಸೋದು, ಹಿಂದಿನದು ಬದಲಾಯಿಸಿದರೆ ಸಾಕು" ಅಂದರು. ನಂಬಿ ಹಿಂದಿನದಕ್ಕೆ ಮಾತ್ರ 4.88 ಹಾಕಿಸಿದೆ, ಮುಂದೆ 4.27 ಹಾಗೇ ಉಳಿಯಿತು. ನಮ್ಮ ಜೀಪಿನಲ್ಲಿ ಫೋರ್ ವೀಲ್ ಹಾಕಿದಾಗ ಎರಡೂ ಶಾಫ್ಟು ಒಂದಕ್ಕೊಂದು ಕಟ್ಟಿಹಾಕಿದ ಹಾಗೆ ಒಂದೇ ವೇಗದಲ್ಲಿ ತಿರುಗುತ್ತವೆ. ಆಗ ಹಿಂದಿನ ಚಕ್ರ 7 ಸುತ್ತು ಬರುವಷ್ಟರಲ್ಲಿ ಮುಂದಿನದು 8 ಸುತ್ತು ಬರಬೇಕು. ಒಂದೇ ದಾರಿಯಲ್ಲಿ ಅದು ಹೇಗೆ ಸಾಧ್ಯ? ಕೆಸರಿನಲ್ಲಿ ಚಕ್ರ ಜಾರಿ ಹೇಗೋ ಸರಿಹೋಯಿತು. ಜಂಬಿಟ್ಟಿಗೆ ಕಲ್ಲಿನ ಗಟ್ಟಿ ಏರಿಗೆ ಬಂದಾಗ ಕಟ್ ಕಟ್ ಅಂತ ಹೊಡೆಯಲು ಶುರುವಾಗಿ, ಫೋರ್ ವೀಲ್ ಲಿವರ್ ಕಚ್ಚಿಕೊಂಡಿತು. ಎರಡು ಗಾಡಿ ಉದ್ದ ರಿವರ್ಸ್ ಹೋದ ಮೇಲೆ ಬಿಟ್ಟಿತು. ಅವತ್ತು ಗಿಯರ್ ಬಾಕ್ಸಿಗೆ ಏನೂ ಆಗದೇ ಇದ್ದದ್ದು ಪುಣ್ಯ. ಫೋರ್ ವೀಲ್ ಗಾಡಿಯಲ್ಲಿ ಒಂದು ಆಕ್ಸಲ್ ಮಾತ್ರ ಬದಲಾಯಿಸಿ ಅಂತ ಯಾರೇ ಹೇಳಿದರೂ ಒಪ್ಪಬೇಡಿ.

ಆಟೋ ಕಾಂಪ್ಲೆಕ್ಸಿನಲ್ಲಿ ಮುಂದಿನದಕ್ಕೂ 4.88 ಹಾಕಿ, ಹಿಂದಿನದನ್ನೂ ಬಿಚ್ಚಿ ಮತ್ತೆ ಕೂರಿಸಿದರು. ನಾನು ಸ್ಟೂಲ್ ಎಳೆದುಕೊಂಡು ಪಕ್ಕದಲ್ಲೇ ಕೂತಿದ್ದೆ. ಕ್ರೌನಿನ ನಾಲ್ಕೈದು ಹಲ್ಲಿಗೆ ಪ್ರಷ್ಯನ್ ಬ್ಲೂ ತೆಳ್ಳಗೆ ಸವರಿ, ಕೈಯಲ್ಲಿ ತಡೆ ಕೊಡುತ್ತಾ ತಿರುಗಿಸಿದರು. ಬಣ್ಣ ಅಳಿಸಿದ ಗುರುತು ಹಲ್ಲಿನ ತುದಿಯಲ್ಲಿ ಬಿತ್ತು. ಪಿನಿಯನ್ ಹೊರಗೆ ಕೂತಿದೆ ಅಂತ ಅರ್ಥ. ಎಲ್ಲಾ ಬಿಚ್ಚಿ, ಬೇರಿಂಗ್ ಎಳೆದು ತೆಗೆದು, ಶಿಮ್ ಅನ್ನುವ, ಕಾಗದದಷ್ಟು ತೆಳುವಾದ ಒಂದು ಲೋಹದ ಬಿಲ್ಲೆ ಸೇರಿಸಿ ಮತ್ತೆ ಕೂರಿಸಿದರು. ಈ ಸಲ ಗುರುತು ಬುಡಕ್ಕೆ ಇಳಿಯಿತು, ಒಳಗೆ ಜಾಸ್ತಿ ಹೋಗಿದೆ. ಮತ್ತೆ ಬಿಚ್ಚಿದರು. ನಾಲ್ಕನೇ ಸಲ ಗುರುತು ಹಲ್ಲಿನ ನಡುವೆ, ಬೆರಳಚ್ಚಿನ ಹಾಗೆ ಉದ್ದಕ್ಕೆ ಮೂಡಿತು. ಆಮೇಲೆ ಸಣ್ಣ ಅಲುಗಾಟವನ್ನೂ ಮುಳ್ಳಿನಲ್ಲಿ ತೋರಿಸುವ ಡಯಲ್ ಗೇಜ್ ಇಟ್ಟು ಪ್ಲೇ, ಅಂದರೆ ಹಲ್ಲಿಗೂ ಹಲ್ಲಿಗೂ ನಡುವಿನ ಸಡಿಲ, ನೋಡಿದರು. 0.15ರಿಂದ 0.25 ಮಿ.ಮೀ. ಒಳಗೆ ಇರಬೇಕು, 0.20ಕ್ಕೆ ನಿಲ್ಲಿಸಿದರು. ಇಷ್ಟಕ್ಕೇ ಒಂದು ಹಗಲು ಹೋಯಿತು. ಒಂದು ಸಲಕ್ಕೂ ಮುಖ ಸಿಂಡರಿಸಲಿಲ್ಲ. ನೀವು ಯಾವ ಕಂಪನಿಯ ಸೆಟ್ಟು ತಂದರೂ ಅದು ಬಾಳುವುದು ಈ ನಾಲ್ಕು ಸಲದ ತಾಳ್ಮೆಯಿಂದಲೇ. ಗ್ಯಾರೇಜಿಗೆ ಹೋದರೆ ಮೊದಲು ಕೇಳಿ, ಡಯಲ್ ಗೇಜ್ ಇದೆಯಾ ಅಂತ.

ಎರಡೂ ಆಕ್ಸಲ್ಲಿನ ಸೆಟ್ಟು, ಬೇರಿಂಗ್, ಸೀಲ್, ಗೇರ್ ಆಯಿಲ್, ಕೂಲಿ ಎಲ್ಲಾ ಸೇರಿ ನಾಲ್ಕು ಹೊಸ ಟೈರಿನ ಬೆಲೆಗಿಂತ ಸ್ವಲ್ಪ ಕಡಿಮೆ ಆಯಿತು. ದೊಡ್ಡ ಟೈರು ಹಾಕುವವರು ಈ ದುಡ್ಡನ್ನೂ ಮೊದಲೇ ಸೇರಿಸಿ ಎಣಿಸಬೇಕು.

ಮೊದಲ ದಿನ ಇಪ್ಪತ್ತು ಕಿಲೋಮೀಟರ್ ಮೆಲ್ಲಗೆ ಓಡಿಸಿ, ಪೂರ್ತಿ ಆರಲು ಬಿಟ್ಟೆ. ಮಾರನೇ ದಿನವೂ ಹಾಗೇ. ಭಾರ ಹೇರಲಿಲ್ಲ. 800 ಕಿಲೋಮೀಟರಿಗೆ ಆಯಿಲ್ ಬದಲಾಯಿಸಿದೆ. ಹಳೇ ಆಯಿಲ್ ಬೂದುಬಣ್ಣಕ್ಕೆ ತಿರುಗಿತ್ತು, ಬೆರಳಲ್ಲಿ ತಿಕ್ಕಿದರೆ ನುಣ್ಣಗಿನ ಹುಡಿ. ಚಕ್ಕೆ ಇರಲಿಲ್ಲ, ನೆಮ್ಮದಿಯಾಯಿತು.

ಈಗ ಏರಿನ ಮಾತು. ಎರಡನೇ ಗೇರು ವಾಪಸ್ ಬಂದಿದೆ. ಹತ್ತು ಚೀಲ ಹೇರಿ ನಡುವೆ ನಿಲ್ಲಿಸಿ ಹೊರಟರೂ ಕ್ಲಚ್ ವಾಸನೆ ಇಲ್ಲ. ಆದರೆ ನನಗೆ ಇದಕ್ಕಿಂತ ದೊಡ್ಡದು ಅನಿಸಿದ್ದು ಇಳಿಜಾರು. ಮನೆಯಿಂದ ಹೊರಡುವಾಗ ಅದೇ ದಾರಿ ಹಳ್ಳಕ್ಕೆ ಇಳಿಯುತ್ತದೆ. ಆಷಾಢದಲ್ಲಿ ಕಲ್ಲಿನ ಮೇಲೆಲ್ಲಾ ಹಾವಸೆ. 4.27 ಇದ್ದಾಗ ಫೋರ್ ವೀಲಿನ ಲೋ (ನಿಧಾನದ ಗೇರು) ಹಾಕಿ ಒಂದನೇ ಗೇರಿನಲ್ಲಿ ಬಿಟ್ಟರೂ ಗಾಡಿ ಮುಂದೆ ನೂಕುತ್ತಿತ್ತು, ಬ್ರೇಕ್ ಮುಟ್ಟಿದರೆ ಹಿಂದಿನ ಚಕ್ರ ನಿಂತು ಬಾಲ ದಾರಿ ಪಕ್ಕದ ಧರೆಯ ಕಡೆಗೆ ಜಾರುತ್ತಿತ್ತು. ಮಗಳು ಪಕ್ಕದಲ್ಲಿದ್ದಾಗ ಎರಡು ಸಲ ಹಾಗಾಗಿದೆ. ಈ ಮಳೆಗಾಲ ಪೂರ್ತಿ ಆ ಇಳಿಜಾರಿನಲ್ಲಿ ಬ್ರೇಕ್ ಮೇಲೆ ಕಾಲಿಟ್ಟಿಲ್ಲ. ಇಂಜಿನ್ನೇ ಹಿಡಿದುಕೊಂಡು, ಮನುಷ್ಯ ನಡೆಯುವ ವೇಗದಲ್ಲಿ ಇಳಿಸುತ್ತದೆ. ಕೊಟ್ಟ ದುಡ್ಡು ನನಗೆ ಅಲ್ಲಿಗೇ ಬಂತು.

ಸ್ಪೀಡೋಮೀಟರ್ ಕೂಡ ತಾನಾಗೇ ಸರಿಹೋಗಿದೆ. ಟೈರು ಮಾತ್ರ ಬದಲಾಯಿಸಿದಾಗ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುತ್ತಿತ್ತು. ಈಗ ಸಾಗರ ರಸ್ತೆಯ ಕಿಲೋಮೀಟರ್ ಕಲ್ಲುಗಳಿಗೆ ತಾಳೆಯಾಗುತ್ತದೆ.

ಕೊರತೆಯೂ ಇದೆ. 55ರ ಹತ್ತಿರ ಆಕ್ಸಿಲರೇಟರ್ ಬಿಟ್ಟರೆ ಹಿಂದಿನ ಆಕ್ಸಲ್ಲಿನಿಂದ ಸಣ್ಣ ಊಳು ಬರುತ್ತದೆ. ಮೊದಲ ಅಂಗಡಿಯಲ್ಲಿ ಸರಿಯಾಗಿ ಕೂರಿಸದೆ ಓಡಿಸಿದ ಹಲ್ಲು ಅದು, ಪೂರ್ತಿ ಹೋಗುವುದಿಲ್ಲ ಅಂತ ಮೇಸ್ತ್ರಿ ಮೊದಲೇ ಹೇಳಿದ್ದರು. ಮುಂದಿನ ಆಕ್ಸಲ್ ನಿಶ್ಶಬ್ದ. ಅದರ ಸೆಟ್ಟು ಬರಲು ಮೂರು ವಾರ ಕಾಯಬೇಕಾಯಿತು. ಇನ್ನು ಬ್ರೇಕಿಗೆ ಹಾಕುವ ಬಲ, ಸ್ಟೇರಿಂಗ್ ಭಾರ, ಇವಕ್ಕೆ ಕ್ರೌನ್ ಪಿನಿಯನ್ ಏನೂ ಮಾಡಲಾರದು. ದೊಡ್ಡ ಟೈರಿನ ಜೊತೆ ಅವು ಬಂದೇ ಬರುತ್ತವೆ.

ಸ್ಟೆಪ್ನಿ ವಿಷಯ ಮಾತ್ರ ಇನ್ನೂ ಬಾಕಿ. ನನ್ನ ಹತ್ತಿರ ಇರುವುದು ಹಳೇ 215. ಪಂಕ್ಚರ್ ಆದ ದಿನ ಅದನ್ನು ಹಾಕಿಕೊಂಡು ಫೋರ್ ವೀಲ್ ಎಳೆದರೆ, ಮುಂದೆ ಹಿಂದೆ ಬೇರೆ ರೇಶಿಯೋ ಇದ್ದಾಗ ಆದ ಕಥೆಯೇ ಮತ್ತೆ ಆಗುತ್ತದೆ. ಐದನೇ 31 ಇಂಚಿನ ಟೈರಿಗೆ ಹೇಳಿದ್ದೇನೆ, ಬರುವ ವಾರ ಅಡಿಕೆ ಹಾಕಲು ಶಿವಮೊಗ್ಗಕ್ಕೆ ಹೋದಾಗ ತರುತ್ತೇನೆ.