ಬಿಲ್ಲಲ್ಲಿ ಬರೀ ‘3060’ ಅಂತ ಇದ್ದರೆ ಹಣ ಕೊಡ್ಬೇಡಿ

ಮೊದಲೇ ಹೇಳ್ತೇನೆ, ತಪ್ಪು ನನ್ನದೂ ಉಂಟು. ನಾಲ್ಕು ಜನಕ್ಕೆ ಕಂಪ್ಯೂಟರಿನ ಪಾರ್ಟ್ಸ್ ಆರಿಸಿ ಕೊಟ್ಟವನೇ ಮಂಗ ಆದೆ ಅಂತ ಬರೆಯಲಿಕ್ಕೆ ನಾಚಿಕೆ ಆಗ್ತದೆ. ಆದರೂ ಬರೆಯುವುದು ಯಾಕೆಂದರೆ, ಕಾಸರಗೋಡು, ಕುಂಬಳೆ, ಉಪ್ಪಳದಿಂದ ಇಂಟೀರಿಯರ್, ಆರ್ಕಿಟೆಕ್ಚರ್ ಕಲಿಯಲಿಕ್ಕೆ ಮಂಗಳೂರಿಗೆ ಹೋಗುವ ಮಕ್ಕಳ ಮನೆಯವರು ಇಂಥ ಅಂಗಡಿಗಳಿಗೇ ಹೋಗುವುದು. ಅಂಗಡಿಯ ಹೆಸರು ಹಾಕುವುದಿಲ್ಲ, ಕೇಳ್ಬೇಡಿ. ಕೇರಳ-ಕರ್ನಾಟಕ ಗಡಿಯ ತಲಪಾಡಿಯಿಂದ ಆಚೆಯದ್ದಾ ಈಚೆಯದ್ದಾ ಅಂತಲೂ ಹೇಳುವುದಿಲ್ಲ. ಎರಡೂ ಕಡೆ ಇದೇ ಕತೆ.

ಸೆಟ್ ಅಣ್ಣನ ಮಗಳಿಗೆ. ಸ್ಕೆಚಪ್, ರೆವಿಟಲ್ಲಿ ಡಿಸೈನ್, ಮತ್ತೆ ಬ್ಲೆಂಡರಲ್ಲಿ ರೆಂಡರ್, ಅಂದರೆ ಆ ಡಿಸೈನನ್ನು ಫೋಟೋದ ಹಾಗೆ ಚಿತ್ರ ಮಾಡುವುದು. ಮಾತಾದದ್ದು ಇದು: ಐ5-12400ಎಫ್ ಪ್ರೊಸೆಸರ್, ನಾಲ್ಕು ರ‍್ಯಾಮ್ ಸ್ಲಾಟಿನ ಬಿ660 ಮದರ್ ಬೋರ್ಡು, ಡಿಡಿಆರ್4 3200 ರ‍್ಯಾಮ್ 8+8 ಜಿಬಿ, ಆರ್‌ಟಿಎಕ್ಸ್ 3060 12 ಜಿಬಿ ಗ್ರಾಫಿಕ್ಸ್ ಕಾರ್ಡು, 500 ಜಿಬಿ ಎನ್‌ವಿಎಂಇ, 80 ಪ್ಲಸ್ ಎಂಬ ದಕ್ಷತೆಯ ಗುರುತು ಇರುವ 550 ವ್ಯಾಟಿನ ಪವರ್ ಸಪ್ಲೈ, ಅಂದರೆ ಎಸ್‌ಎಂಪಿಎಸ್. ಮಾನಿಟರ್ ಬಿಟ್ಟು 62,500 ರೂಪಾಯಿ. ರ‍್ಯಾಮ್ 32 ಬೇಕಿತ್ತು, ಬಜೆಟ್ಟಿಗೆ ಕೂಡಲಿಲ್ಲ, ಮುಂದಿನ ವರ್ಷ ಹಾಕುವ ಅಂತಲೇ ನಾಲ್ಕು ಸ್ಲಾಟ್ ಕೇಳಿದ್ದು. ಅವರು ಚೀಟಿಯಲ್ಲಿ ಗೀಚಿದ್ದು ‘ಐ5 12ನೇ ಜನರೇಶನ್, 16 ಜಿಬಿ, 3060, 500 ಎಸ್‌ಎಸ್‌ಡಿ’. ಬಿಲ್ಲಲ್ಲಿ ಅದೂ ಇಲ್ಲ. ‘ಅಸೆಂಬಲ್ಡ್ ಕಂಪ್ಯೂಟರ್ – 1’. ಒಂದೇ ಗೆರೆ.

ಮೋಸ ಆದದ್ದು ಅಲ್ಲಿ, ಆ ಒಂದು ಗೆರೆಯಲ್ಲಿ. ಮತ್ತೆ ಡಬ್ಬಿಗಳಲ್ಲಿ. ಸೆಟ್ ಜೋಡಿಸಿ ಇಟ್ಟಿದ್ದರು, ಒಂದು ಗೇಮ್ ಓಡಿಸಿ ತೋರಿಸಿದರು, ಚಂದ ಓಡಿತು. ಪಾರ್ಟ್ಸಿನ ಡಬ್ಬಿ ಎಲ್ಲಿ ಅಂತ ಕೇಳಿದೆ. “ಡಬ್ಬಿ ಎಂತಕ್ಕೆ ಅಣ್ಣಾ, ಕಸ ಅಲ್ವಾ? ವಾರಂಟಿ ನಮ್ಮದು, ಕೊಯಪ್ಪಿಲ್ಲ (ತೊಂದರೆ ಇಲ್ಲ).” ನಾನು ತಲೆ ಆಡಿಸಿ ಬಂದೆ. 12 ಜಿಬಿಯಾ 8 ಜಿಬಿಯಾ ಅಂತ ಕಾರ್ಡಿನ ಡಬ್ಬಿಯ ಮೇಲೆ ದೊಡ್ಡದಾಗಿ ಅಚ್ಚು ಹಾಕಿರ್ತದೆ ಮಾರಾಯ್ರೆ! ಅದಕ್ಕೇ ಕಸ ಆದದ್ದು.

3060 ಎಂಬ ಹೆಸರಲ್ಲಿ ಎರಡು ಕಾರ್ಡು ಉಂಟು. 2021ರಲ್ಲಿ ಬಂದದ್ದು 12 ಜಿಬಿ, ಅದರ ಮೆಮೊರಿಯ ದಾರಿ 192 ಬಿಟ್ ಅಗಲ, ಸೆಕೆಂಡಿಗೆ 360 ಜಿಬಿ ಸಾಗಿಸ್ತದೆ. 2022ರ ಕೊನೆಗೆ ಅದೇ ಹೆಸರಲ್ಲಿ 8 ಜಿಬಿಯದ್ದು ಬಂತು. ಅದು 128 ಬಿಟ್, ಸೆಕೆಂಡಿಗೆ 240 ಜಿಬಿ. ಕೋರುಗಳು ಎರಡರಲ್ಲೂ 3584. ಹಾಗಾಗಿ ಗೇಮ್ ಓಡಿಸಿ ತೋರಿಸಿದರೆ ಕಣ್ಣಿಗೆ ಏನೂ ಗೊತ್ತಾಗುವುದಿಲ್ಲ. ಗೊತ್ತಾಗುವುದು ರೆಂಡರಲ್ಲಿ. 4ಕೆ ಟೆಕ್ಸ್‌ಚರ್ ಒಂದು ಡಿಸ್ಕಿನಲ್ಲಿ ಐದಾರು ಎಂಬಿ ಇದ್ದರೂ ಕಾರ್ಡಿನ ಮೆಮೊರಿಯಲ್ಲಿ ಬಿಚ್ಚಿಕೊಂಡಾಗ 4096 × 4096 × 4 ಬೈಟ್, ಅಂದರೆ 64 ಎಂಬಿ. ಒಂದು ಹಾಲ್‌ನ ಸೀನಿಗೆ 30 ಮೆಟೀರಿಯಲ್, ಒಂದೊಂದಕ್ಕೆ ಇಂಥ ಎರಡು ಚಿತ್ರ ಅಂತ ಇಟ್ಟರೂ 3840 ಎಂಬಿ ಅಲ್ಲಿಗೇ ಹೋಯಿತು. ಸೋಫಾ, ಕರ್ಟನ್, ಕಿಟಕಿಯಾಚೆಯ ಮರ, ಹುಲ್ಲು ಎಲ್ಲ ಅದರ ಮೇಲೆ. ವಿಂಡೋಸು, ಮಾನಿಟರು ತಿನ್ನುವುದು ಬೇರೆ. ಮಗುವಿನ ಎರಡನೇ ಅಸೈನ್‌ಮೆಂಟಿಗೇ ‘ಸಿಸ್ಟಮ್ ಈಸ್ ಔಟ್ ಆಫ್ ಜಿಪಿಯು ಮೆಮೊರಿ’ ಅಂತ ಬಂತು, ಅಂದರೆ ಕಾರ್ಡಿನ ಮೆಮೊರಿ ಸಾಲಲಿಲ್ಲ. ಸಬ್ಮಿಶನ್ ಮರುದಿನ. ಮಂಡೆಬೆಚ್ಚ ಅಂದರೆ ಅದು.

ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದರೆ ಡೆಡಿಕೇಟೆಡ್ ಮೆಮೊರಿ 8.0 ಜಿಬಿ. ಅಷ್ಟೇ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒತ್ತಿ ಪರ್ಫಾರ್ಮೆನ್ಸ್, ಜಿಪಿಯು. ಹತ್ತು ಸೆಕೆಂಡಿನ ಕೆಲಸ. ಅಂಗಡಿಯಲ್ಲೇ ಮಾಡಬಹುದಿತ್ತು. ಮಾಡಲಿಲ್ಲ.

ಅಲ್ಲೇ ಮೆಮೊರಿ ಅಂತ ಇರುವಲ್ಲಿ ಒತ್ತಿದರೆ ‘ಸ್ಲಾಟ್ಸ್ ಯೂಸ್ಡ್ 1 ಆಫ್ 2’. ಅಂದರೆ 8+8 ಅಲ್ಲ, 16ರ ಒಂದೇ ಕಡ್ಡಿ. ಬೋರ್ಡಿಗೂ ಎರಡೇ ಸ್ಲಾಟ್. ಒಳಗಿನ ಪಾರ್ಟ್ಸ್ ಯಾವುದಂತ ತೋರಿಸುವ ಸಿಪಿಯು-ಝಡ್ ಸಾಫ್ಟ್‌ವೇರ್ ಹಾಕಿ ನೋಡಿದೆ: ಬೋರ್ಡು ಬಿ660 ಅಲ್ಲ, ಅದಕ್ಕಿಂತ ಕೆಳಗಿನ ಎಚ್610. ರ‍್ಯಾಮಿನ ಸ್ಪೀಡು 2666, ಎಕ್ಸ್‌ಎಂಪಿ (ರ‍್ಯಾಮನ್ನು ಪೂರ್ತಿ ಸ್ಪೀಡಲ್ಲಿ ಓಡಿಸುವ ಸೆಟ್ಟಿಂಗ್) ಆನ್ ಮಾಡಿಯೇ ಇಲ್ಲ. (ಸಿಪಿಯು-ಝಡ್‌ನಲ್ಲಿ 3200ರ ರ‍್ಯಾಮ್ ಅರ್ಧ, ಅಂದರೆ 1600 ಅಂತ ಕಾಣುವುದು ಸರಿಯೇ, ಅದಕ್ಕೆ ಜಗಳ ಮಾಡ್ಬೇಡಿ.)

ಫೋನ್ ಮಾಡಿದೆ. ಉತ್ತರ ಹೀಗೆ:

“ಅಣ್ಣಾ, 3060 ಹೇಳಿದ್ರಿ, 3060 ಕೊಟ್ಟಿದ್ದೇವೆ.”

12 ಅಂತ ಹೇಳಿದ್ದೆ ಅಂದೆ.

“ಬಿಲ್ಲಲ್ಲಿ 12 ಅಂತ ಉಂಟಾ?”

ಬಿಲ್ಲಲ್ಲಿ 3060 ಅಂತಲೇ ಇಲ್ಲ, ನೀವೇ ಬರೆದದ್ದಲ್ವಾ ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಮತ್ತೆ, “ಗೇಮ್ ಓಡ್ತದಲ್ವಾ? ಮಕ್ಕಳಿಗೆ ಅಷ್ಟು ಸಾಕು.” ಮಕ್ಕಳಿಗೆ ಎಷ್ಟು ಸಾಕು ಅಂತ ಇವರು ಹೇಳ್ಬೇಕಾ? ರ‍್ಯಾಮಿನ ಬಗ್ಗೆ, “ಒಂದೇ ಕಡ್ಡಿ ಒಳ್ಳೇದು, ಮುಂದೆ ಇನ್ನೊಂದು ಹಾಕ್ಲಿಕ್ಕೆ ಆಗ್ತದೆ.” ಆ ಮಾತು ಪೂರ್ತಿ ಸುಳ್ಳಲ್ಲ, ಎರಡೇ ಸ್ಲಾಟಿನ ಬೋರ್ಡಿಗೆ ಹಾಗೆ ಮಾಡುವವರಿದ್ದಾರೆ. ಆದರೆ ಒಂದೇ ಕಡ್ಡಿಯಲ್ಲಿ ಸಿಂಗಲ್ ಚಾನೆಲ್, 3200ರಲ್ಲಿ ಓಡಿದರೂ ಸೆಕೆಂಡಿಗೆ 25.6 ಜಿಬಿ. ಎರಡಿದ್ದರೆ 51.2. ನಾನು ನಾಲ್ಕು ಸ್ಲಾಟಿನ ಬೋರ್ಡಿಗೆ ದುಡ್ಡು ಕೊಟ್ಟವ.

ಕೊನೆಗೆ ಬಂದದ್ದು ದೊಡ್ಡ ಮಾತು: “ಕಾರ್ಡ್ ಬಿಚ್ಚಿ ತನ್ನಿ, ಕಂಪೆನಿಯಲ್ಲಿ ಕೇಳಿ ನೋಡುವ. 20 ದಿವಸ ಆಗ್ಬಹುದು.” ಇಲ್ಲಿ ಇನ್ನೊಂದು ಗುಂಡಿ ಉಂಟು, ಅದನ್ನು ತೋಡಿದ್ದು ನಾನೇ. 12400ಎಫ್‌ನಲ್ಲಿ ಒಳಗಿನ ಗ್ರಾಫಿಕ್ಸ್ ಇಲ್ಲ. ಕಾರ್ಡ್ ತೆಗೆದರೆ ಮಾನಿಟರಲ್ಲಿ ಏನೂ ಬರುವುದಿಲ್ಲ. ಎಫ್ ಇಲ್ಲದ 12400ಕ್ಕೆ ಸ್ವಲ್ಪ ಹೆಚ್ಚು ಕೊಟ್ಟಿದ್ದರೆ ಕಾರ್ಡ್ ಇಲ್ಲದೆಯೂ ಕ್ಯಾಡ್ ಕೆಲಸ ನಡೀತಿತ್ತು. ಸ್ಟೂಡೆಂಟಿನ ಸೆಟ್ಟಿಗೆ ಎಫ್ ತಗೊಳ್ಬೇಡಿ. ಉಳಿಸಿದ ಆ ದುಡ್ಡು ನನ್ನ ಕುತ್ತಿಗೆಗೇ ಬಂತು.

ಎಸ್‌ಎಂಪಿಎಸ್ ನೋಡಿದ್ದು ಕೊನೆಗೆ. ಕ್ಯಾಬಿನೆಟ್ ಜೊತೆ ಬರುವ ಲಟ್ಟು ಸಾಮಾನು, ಮೇಲೆ 500 ವ್ಯಾಟ್ ಅಂತ ಸ್ಟಿಕ್ಕರ್, 80 ಪ್ಲಸ್ ಗುರುತು ಇಲ್ಲ. ವ್ಯಾಟ್ ಓದ್ಬೇಡಿ, ಲೇಬಲಿನಲ್ಲಿ +12 ವೋಲ್ಟಿನ ಕೆಳಗೆ ಎಷ್ಟು ಆಂಪಿಯರ್ ಅಂತ ಓದಿ. ಇದರಲ್ಲಿ 18. ಹನ್ನೆರಡು ಹದಿನೆಂಟಲ 216 ವ್ಯಾಟ್, ಅಷ್ಟೇ. 12 ಜಿಬಿಯ ಕಾರ್ಡಿಗೇ 170 ವ್ಯಾಟ್ ಬೇಕು, ಪ್ರೊಸೆಸರ್ ಜೋರು ಓಡುವಾಗ 117ರ ತನಕ ಹೋಗ್ತದೆ. ಕಾರ್ಡಿನ 8 ಪಿನ್ನಿಗೆ ಹಳೇ ಹಾರ್ಡ್‌ಡಿಸ್ಕಿನ ವಯರಿನಿಂದ ಕನ್ವರ್ಟರ್ ಹಾಕಿ ಕೊಟ್ಟಿದ್ದರು. ಗೇಮಿನಲ್ಲಿ ಲೋಡು ಏರಿ ಇಳೀತದೆ, ರೆಂಡರಲ್ಲಿ ಗಂಟೆಗಟ್ಟಲೆ ಇಳಿಯುವುದೇ ಇಲ್ಲ. ಅದಕ್ಕೇ ಅಂಗಡಿಯಲ್ಲಿ ಆಫ್ ಆಗದ ಸೆಟ್ ಮನೆಯಲ್ಲಿ ರಾತ್ರಿ ಎರಡು ಗಂಟೆಗೆ ಆಫ್ ಆಗುವುದು. “ನಿಮ್ಮಲ್ಲಿ ಕರೆಂಟ್ ಸರಿ ಇಲ್ಲ” ಅಂದರು. ಮಳೆಗಾಲದಲ್ಲಿ ನಮ್ಮ ಕರೆಂಟ್ ಸರಿ ಇರುವುದಿಲ್ಲ, ಒಪ್ಪಿದೆ. ಪಕ್ಕದ ಫ್ಯಾನ್ ತಿರುಗುತ್ತಾ ಇತ್ತಲ್ಲ?

ಇನ್ನು ಹೋಗುವವರು ಒಂದೊಂದು ಪಾರ್ಟಿಗೆ ಒಂದೊಂದು ಗೆರೆ ಬರೆಸಿ. ಪೂರ್ತಿ ಮಾಡೆಲ್, ಜಿಬಿ, ಸೀರಿಯಲ್ ನಂಬರ್, ಜಿಎಸ್‌ಟಿ ಬಿಲ್ಲಿನಲ್ಲೇ, ಚೀಟಿಯಲ್ಲಿ ಅಲ್ಲ. 3050 ತಗೊಳ್ಳುವವರು ಇನ್ನೂ ಜಾಗ್ರತೆ: 8 ಜಿಬಿಯದ್ದಕ್ಕೆ 2560 ಕೋರು, 6 ಜಿಬಿಯದ್ದಕ್ಕೆ 2304 ಕೋರು, 96 ಬಿಟ್, ಹೆಸರು ಒಂದೇ. ಎಸ್‌ಎಸ್‌ಡಿಗೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಾಕಿ ‘ಪವರ್ ಆನ್ ಅವರ್ಸ್’ ನೋಡಿ, ಹೊಸತಾದರೆ ಹೆಚ್ಚೆಂದರೆ ಕೆಲವೇ ಗಂಟೆ ಇರ್ಬೇಕು. ದುಡ್ಡು ಕೊಡುವ ಮೊದಲು ನೋಡಿ, ಮತ್ತೆ ಅಲ್ಲ. ಗಡಿಯಾಚೆ ತಗೊಂಡದ್ದಾದರೂ ಕೇಸ್ ಕಾಸರಗೋಡಿನ ಗ್ರಾಹಕ ಆಯೋಗದಲ್ಲೇ ಹಾಕಬಹುದು, 2019ರ ಕಾಯ್ದೆಯಲ್ಲಿ ನಾವು ವಾಸ ಇರುವ ಜಿಲ್ಲೆ ಸಾಕು. ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ನಾನು ಮಾಡಿದ್ದೇನೆ.

ಸೀರಿಯಲ್ ನಂಬರ್ ತಾಳೆ ನೋಡಲಿಕ್ಕೆ ಡಬ್ಬಿ ಕೇಳಲು ನಿನ್ನೆ ಪುನಃ ಹೋಗಿದ್ದೆ. ಗುಜರಿಯವನಿಗೆ ಕೊಟ್ಟಾಯ್ತಂತೆ.